ಹೆರಿಗೆ ವಾರ್ಡಿನ ಟೆಂಡರು

ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನ ಬಾಗಿಲಲ್ಲಿ ಸ್ಟ್ರೆಚರು ತೂರುತ್ತಿರಲಿಲ್ಲ. ನಕ್ಷೆ ಬರೆದವನೂ ಗೋಡೆ ಕಟ್ಟಿದವನೂ ಒಬ್ಬರನ್ನೊಬ್ಬರು ಒಂದು ಮಾತು ಕೇಳಿರಲಿಲ್ಲ. ನೋವು ತಿನ್ನುವ ಹೆಂಗಸರನ್ನು ಹೊಸ್ತಿಲಿನಿಂದ ಕೈಯಲ್ಲೇ ಹೊತ್ತೊಯ್ಯಬೇಕಿತ್ತು. ಹೊಸ ವಾರ್ಡಿಗೆ, ವಿನ್ಯಾಸ ಮಾಡುವವರೂ ಕಟ್ಟುವವರೂ ಮೊದಲ ದಿನದಿಂದ ಕೂಡಿ ದುಡಿಯುವ, ಏನನ್ನೂ ಪೋಲು ಮಾಡದ ತಂಡವೇ ಬೇಕೆಂದು ಆದೇಶ ಬಂತು. ಟೆಂಡರಿನ ಷರತ್ತು ಬರೆಯುವ ಕೆಲಸ ಗುಮಾಸ್ತೆ ನೀಲಗಂಗಾಳ ಪಾಲಿಗೆ ಬಿತ್ತು.

"ಷರತ್ತು ನನ್ನ ಮೈದುನನ ಅಳತೀಗೆ ಹೊಲಿಯವ್ವಾ," ಎಂದರು ಅಧಿಕಾರಿ ಬಸಲಿಂಗಪ್ಪನವರು. ಹಳೆಯ ವಾರ್ಡು ಕಟ್ಟಿದವನೂ ಆ ಮೈದುನನೇ. "ಅವನ ತಂಡ ಅಂದ್ರ ಒಂದೇ ಮನಿ ಮಂದಿ ಇದ್ದಂಗ. ಅದನ್ನ ಬರಿ."

ನೀಲಗಂಗಾ ಹಾಳೆ ಎಳೆದುಕೊಂಡಳು. "ಆಗಲಿ ಸರ್," ಎಂದಳು. ಪ್ರತಿ ತಂಡವೂ ಸಮಿತಿಯ ಎದುರು ಒಂದು ಮೇಜಿಗೆ ಕೂತು ವಾರ್ಡಿನ ಬಾಗಿಲನ್ನು ಚರ್ಚಿಸಿ ತೀರ್ಮಾನಿಸಬೇಕು, ಒಗ್ಗಟ್ಟಿಗೇ ಹೆಚ್ಚು ಅಂಕ ಎಂದು ಬರೆದಳು. ಅಧಿಕಾರಿ ಮೀಸೆ ತೀಡಿ ಸಹಿ ಹಾಕಿದರು.

ಎರಡು ತಂಡಗಳು ಬಂದವು. ಮೈದುನನ ವಿನ್ಯಾಸಕಾರ ತಡವಾಗಿ ಬಂದು, ನೇರವಾಗಿ ಎದುರಾಳಿಗಳ ಮೇಜಿಗೆ ಹೋಗಿ ಕೂತ. ಅವರು ಮರ್ಯಾದಸ್ಥರು, ಚಹಾ ಕೊಟ್ಟರು.

"ನಿಮ್ಮ ಕಂಟ್ರಾಕ್ಟರು ಯಾರು?" ಎಂದು ಸಮಿತಿಯ ವೈದ್ಯೆ ಅವನನ್ನು ಕೇಳಿದರು.

ಅವನು ಪಕ್ಕದವನ ಹೆಗಲ ಮೇಲೆ ಕೈ ಹಾಕಿದ. "ಇವ್ರ. ನಾವು ಒಂದೇ ಗಂಗಾಳದಾಗ ಉಂಡವ್ರು."

ಬಸಲಿಂಗಪ್ಪನವರು ನೀಲಗಂಗಾಳತ್ತ ಬಾಗಿ ಹಲ್ಲು ಕಡಿದರು. "ಅಂವ ನಮ್ಮಾಂವ."

"ಅದನ್ನ ಅವಂಗ ಯಾರರೆ ಮೊದಲ ಹೇಳಬೇಕಿತ್ತು ಸರ್," ಎಂದು, ಮೈದುನನ ತಂಡದ ಒಗ್ಗಟ್ಟಿಗೆ ವೈದ್ಯೆ ಕೊಟ್ಟ ಸೊನ್ನೆಯನ್ನು ನೀಲಗಂಗಾ ದುಂಡಗೆ ಬರೆದಳು.