ಅಟ್ಟದ ಮೇಲಿನ ನಾಲ್ಕು ಟೈರುಗಳು

2009ರ ಜುಲೈ 12, ಭಾನುವಾರದ ನನ್ನ ದಿನಚರಿ ಒಂದು ಪ್ರಶ್ನೆಯಿಂದ ಶುರುವಾಗುತ್ತದೆ.

"ಅಯ್ಯನವರೇ, ನಾನು ಎಷ್ಟು ದುಡಿಯಬೇಕು, ನನ್ನನ್ನು ಎಷ್ಟು ಉಳಿಸಿಕೊಳ್ಳಬೇಕು?"

ಕೇಳಿದವಳು ನನ್ನ ಹಿರಿಯ ಸೊಸೆ ವನಮಾಲಾ. ಹರಿಹರದ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ತನ್ನ ಪಾಳಿ ಮುಗಿದ ಮೇಲೂ, ಬರಬೇಕಾದವರು ಬರಲಿಲ್ಲವೆಂದು ಮುಂದಿನ ಪಾಳಿಗೂ ಅವಳೇ ನಿಲ್ಲುತ್ತಿದ್ದಳು. ಡಾಕ್ಟರು ಅವಳ ಮಂಡಿ ನೋಡಿ ಎಚ್ಚರಿಕೆ ಕೊಟ್ಟಿದ್ದರು. ಮೇಲಿನವರು ಅವಳಿಗೆ ಉಗ್ರಾಣದಲ್ಲಿ ಕೂತು ಮಾಡುವ ಕೆಲಸ ಕೊಡಲು ಸಿದ್ಧರಿದ್ದರು. ಒಪ್ಪುವುದೋ ಬಿಡುವುದೋ, ಆ ವಾರದೊಳಗೆ ಹೇಳಬೇಕಿತ್ತು.

ಉತ್ತರ ಕೊಟ್ಟವರು ಚೆನ್ನವೀರಯ್ಯನವರು, ನಮ್ಮ ಮನೆತನದ ಗುರುಗಳು. ಭಾನುವಾರ ಬೆಳಿಗ್ಗೆ ಅವರ ಮನೆಯ ಪಡಸಾಲೆಯಲ್ಲಿ ಯಾರು ಬೇಕಾದರೂ ಕೂತು ಏನು ಬೇಕಾದರೂ ಕೇಳಬಹುದಿತ್ತು. ಅಂದು ನಾವಿಬ್ಬರೇ ಇದ್ದೆವು.

"ಮನೆಯಲ್ಲಿ ಏನಂತಾರೆ?" ಎಂದು ಅಯ್ಯನವರು ಕೇಳಿದರು.

"ನಮ್ಮತ್ತೆ ಇವರು, ಕೂತು ಮಾಡೋ ಕೆಲಸ ತಗೋ ಅಂತಾರೆ. ವಾರ್ಡಿನವರು, ನೀವಿಲ್ಲದಿದ್ರೆ ಆಗಲ್ಲ ಸಿಸ್ಟರ್ ಅಂತಾರೆ."

"ಇಬ್ಬರೂ ಪ್ರೀತಿಯಿಂದಲೇ ಹೇಳ್ತಾರೆ. ಅದಕ್ಕೇ ನಿನಗೆ ಕಷ್ಟ" ಎಂದು ಅವರು ನನ್ನ ಕಡೆ ನೋಡಿ ನಕ್ಕರು. ಆಮೇಲೆ ಈ ಕತೆ ಹೇಳಿದರು. ಅಂದೇ ಮಧ್ಯಾಹ್ನ ಬರೆದಿಟ್ಟುಕೊಂಡದ್ದರಿಂದ ಅವರ ಮಾತು ಬಹುಪಾಲು ಹಾಗೆಯೇ ಉಳಿದಿದೆ.

ಬೆಟ್ಟದ ಮೇಲೆ ಒಂದು ಊರಿತ್ತು. ಆಸ್ಪತ್ರೆ ಕೆಳಗಿತ್ತು. ನಡುವೆ ಘಾಟಿ. ಆ ಊರಿನಲ್ಲಿ ಒಬ್ಬ ಚಾಲಕನಿದ್ದ. ಅವನ ಕಾರು ಬಲವಾದದ್ದು, ವೇಗವಾಗಿ ಓಡುವಂಥದ್ದು. ಹೆರಿಗೆಯ ಹೆಂಗಸರನ್ನು, ಕಾಯಿಲೆಯವರನ್ನು ಅವನೇ ಕೆಳಗೆ ಇಳಿಸುತ್ತಿದ್ದ. ಅವನನ್ನು ಬಿಟ್ಟರೆ ಅಲ್ಲಿ ಬೇರೆ ಬಾಡಿಗೆ ಕಾರಿರಲಿಲ್ಲ.

ಒಂದು ಮಳೆಗಾಲದ ಮೊದಲ ದಿನ, ತಿರುವಿನಲ್ಲಿ ಅವನ ಕಾರು ಜಾರಿತು. ಒಳಗೆ ಒಬ್ಬ ಬಸುರಿ ಇದ್ದಳು. ತಡೆಗೋಡೆಗೆ ಒಂದು ಗೇಣು ಇದ್ದಾಗ ಕಾರು ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಮರುದಿನ ಅವನು ಟೈರು ಮಾರುವ ವ್ಯಾಪಾರಿಯ ಬಳಿ ಹೋದ.

"ರಸ್ತೆಯನ್ನು ಗಟ್ಟಿಯಾಗಿ ಹಿಡೀಬೇಕು, ಬೇಗ ಸವೀಬಾರದು, ಬೆಲೆಯೂ ಕೈಗೆಟುಕಬೇಕು. ಅಂಥ ಟೈರು ಕೊಡಿ."

"ಅಂಥದ್ದು ಬಂದ ದಿನ ಮೊದಲು ನನ್ನ ಕಾರಿಗೆ ಹಾಕ್ಕೊಳ್ತೀನಿ ಅಣ್ಣ, ಆಮೇಲೆ ನಿಮಗೆ ಹೇಳಿ ಕಳಿಸ್ತೀನಿ" ಎಂದು ವ್ಯಾಪಾರಿ ಮೂರು ಬಗೆಯ ಟೈರುಗಳನ್ನು ತಂದು ಮುಂದಿಟ್ಟ.

ಮೊದಲನೆಯದು ಬಹಳ ಮೆದು. ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ಒದ್ದೆ ರಸ್ತೆಯನ್ನೂ ಬಿಡದೆ ಹಿಡಿಯುವಂಥದ್ದು. ಬೆಲೆ ಹೆಚ್ಚು. ದಿನವೂ ಘಾಟಿ ಹತ್ತಿಳಿದರೆ ಒಂದು ವರ್ಷಕ್ಕೆ ಮುಗಿಯುತ್ತದೆ ಎಂದು ವ್ಯಾಪಾರಿ ಮುಚ್ಚಿಡದೆ ಹೇಳಿದ. ಎರಡನೆಯದು ಗಡುಸು. ಬೆಲೆ ಕಡಿಮೆ, ವರ್ಷಗಟ್ಟಲೆ ಬಾಳುತ್ತದೆ, ಒಣ ರಸ್ತೆಯಲ್ಲಿ ತೊಂದರೆಯಿಲ್ಲ. ಚಾಲಕನ ಕಾರಿನಲ್ಲಿ ಇದ್ದದ್ದು ಅದೇ. ಮೂರನೆಯದು ಇವೆರಡರ ನಡುವಿನದು. ಮೊದಲನೆಯದರಷ್ಟು ಹಿಡಿಯದು, ಎರಡನೆಯದರಷ್ಟು ಬಾಳದು. ಮಳೆಯಲ್ಲಿ ನಂಬಬಹುದು, ಎರಡು ವರ್ಷ ಓಡಿಸಬಹುದು.

"ನಿಮಗೆ ಇದು ಸಾಕು" ಎಂದು ವ್ಯಾಪಾರಿ ಮೂರನೆಯದರ ಮೇಲೆ ಕೈಯಿಟ್ಟ.

ಚಾಲಕನಿಗೆ ಅದು ಹಿಡಿಸಲಿಲ್ಲ. ತುಂಬಿದ ಬಸುರಿಯರನ್ನು ಕೂರಿಸಿಕೊಂಡು ಹೋಗುವವನು ನಡುವಿನದಕ್ಕೆ ಏಕೆ ಒಪ್ಪಬೇಕು ಎಂದುಕೊಂಡ. ಮೊದಲನೆಯದನ್ನೇ ನಾಲ್ಕು ಕೊಂಡ.

ಆ ಸಂಜೆ ಮಳೆಯಲ್ಲೇ ಘಾಟಿ ಹತ್ತಿದ. ಕಾರು ಒಂದು ತಿರುವಿನಲ್ಲೂ ಅಲುಗಲಿಲ್ಲ. ಮನೆಗೆ ಬಂದು ಇಳಿದು ಟೈರುಗಳನ್ನು ಸವರಿ ನೋಡಿದ. ಅಂಗೈಗೆ ಕಪ್ಪು ಹತ್ತಿತು. ಒಂದೇ ದಿನಕ್ಕೆ ಇಷ್ಟು ಸವೆದರೆ ಹೇಗೆ ಎಂದು ಲೆಕ್ಕ ಹಾಕಿದ.

ಅವನು ಬೆಳೆದ ಮನೆಯಲ್ಲಿ ಒಳ್ಳೆಯದನ್ನು ಎತ್ತಿಡುವುದೇ ಪದ್ಧತಿ. ರೇಷ್ಮೆ ಸೀರೆ ಪೆಟ್ಟಿಗೆಯಲ್ಲಿ, ಬೆಳ್ಳಿ ಲೋಟ ಬೀರುವಿನಲ್ಲಿ, ಹೊಸ ಜಮಖಾನ ನೆಂಟರು ಬಂದ ದಿನಕ್ಕೆ. ಅವನು ನಾಲ್ಕು ಟೈರುಗಳನ್ನೂ ಬಿಚ್ಚಿದ. ಗೋಣಿಚೀಲದಲ್ಲಿ ಸುತ್ತಿದ. ಅಟ್ಟದ ಮೇಲಿಟ್ಟ. ಹಳೆಯ ಗಡುಸು ಟೈರುಗಳನ್ನೇ ಮತ್ತೆ ಕಾರಿಗೆ ಹಾಕಿದ. ನಿಜವಾಗಿ ಬೇಕಾದ ದಿನ ಬಂದರೆ ಅಟ್ಟದಲ್ಲಿ ಇದ್ದೇ ಇವೆ ಎಂದು ಧೈರ್ಯ ತಂದುಕೊಂಡ.

ಆಮೇಲೆ ಮಳೆಗಾಲಗಳು ಬಂದವು, ಹೋದವು. ಮಳೆ ಜೋರಾದಾಗ ಯಾರಾದರೂ ಬಂದು ಕರೆದರೆ, ಸ್ವಲ್ಪ ನಿಲ್ಲಲಿ, ಆಮೇಲೆ ಹೋಗೋಣ ಎನ್ನುತ್ತಿದ್ದ. ಟೈರು ಬದಲಿಸಿಕೊಂಡು ಹೊರಡುವಷ್ಟು ದೊಡ್ಡ ದಿನ ಅವನ ಕಣ್ಣಿಗೆ ಯಾವುದೂ ಕಾಣಲಿಲ್ಲ. ಒಬ್ಬಳು ಮಳೆ ನಿಲ್ಲುವುದನ್ನು ಕಾಯುತ್ತಾ ಅವನ ಜಗಲಿಯ ಮೇಲೆಯೇ ಹೆತ್ತಳು. ತಾಯಿ, ಮಗು ಇಬ್ಬರೂ ಉಳಿದರು. ದೇವರು ದೊಡ್ಡವನು ಎಂದು ಎಲ್ಲರೂ ಹೇಳಿದರು. ಅವನೂ ಹೇಳಿದ.

ಐದು ವರ್ಷದ ಮೇಲೆ ಅವನ ತಂಗಿ ಹೆರಿಗೆಗೆ ತವರಿಗೆ ಬಂದಳು. ಮಗು ಅಡ್ಡ ತಿರುಗಿದೆ, ಇವತ್ತೇ ಕೆಳಗೆ ಕರೆದುಕೊಂಡು ಹೋಗಿ ಎಂದು ಸೂಲಗಿತ್ತಿ ಹೇಳಿದಳು. ಹೊರಗೆ ಮಳೆ ಹಿಡಿದಿತ್ತು. ಚಾಲಕ ಅಟ್ಟ ಹತ್ತಿದ. ಟೈರುಗಳು ಇಟ್ಟ ಹಾಗೆಯೇ ಇದ್ದವು. ಮೈಮೇಲಿನ ಅಚ್ಚಿನ ಗೀರುಗಳು ಇನ್ನೂ ಆಳವಾಗಿದ್ದವು, ಒಂದು ಕೂದಲೆಳೆಯಷ್ಟೂ ಸವೆದಿರಲಿಲ್ಲ. ಗಾಳಿ ತುಂಬಿ ಹಾಕಿದ. ತಂಗಿಯನ್ನು ಹಿಂದೆ ಮಲಗಿಸಿ, ಹೆದರಬೇಡ ಎಂದು ಹೇಳಿ ಹೊರಟ.

ಮೊದಲ ತಿರುವಿನಲ್ಲೇ ಕಾರು ಜಾರಿತು. ಅವನ ಪುಣ್ಯ, ಕಣಿವೆಯ ಕಡೆಗಲ್ಲ, ಬೆಟ್ಟದ ಕಡೆಗೆ. ಚರಂಡಿಯಲ್ಲಿ ಸಿಕ್ಕಿಕೊಂಡು ನಿಂತಿತು. ತಂಗಿಗೆ ಪೆಟ್ಟಾಗಲಿಲ್ಲ, ಆದರೆ ಕಾರು ಮೇಲೆ ಬರಲಿಲ್ಲ. ಅವನು ರಸ್ತೆಯಲ್ಲಿ ನಿಂತು ಕೂಗಿದ. ಹಿಂದಿನಿಂದ ಹಾಲಿನ ವ್ಯಾನು ಬಂತು. ಅದರ ಟೈರುಗಳು ಅರ್ಧ ಸವೆದಿದ್ದವು. ವ್ಯಾನಿನವನು ಕ್ಯಾನುಗಳನ್ನು ರಸ್ತೆಯ ಬದಿಗೆ ಇಳಿಸಿ, ಅವಳನ್ನು ಮಲಗಿಸಿಕೊಂಡು, ಒಂದು ಸಲವೂ ಜಾರದೆ ಘಾಟಿ ಇಳಿದ. ತಂಗಿ ಬದುಕಿದಳು. ಮಗು ಹೆಣ್ಣು.

ಚಾಲಕ ಸಿಟ್ಟಿನಿಂದ ಟೈರುಗಳನ್ನು ವ್ಯಾಪಾರಿಯ ಅಂಗಡಿಗೆ ತೆಗೆದುಕೊಂಡು ಹೋದ. "ಸವೆದೇ ಇಲ್ಲ, ನೋಡಿ. ಆದರೂ ಕೈ ಕೊಟ್ಟಿತು. ನೀವು ನನಗೆ ಮೋಸ ಮಾಡಿದಿರಿ."

ವ್ಯಾಪಾರಿ ಒಂದು ಟೈರಿನ ಮೇಲೆ ಉಗುರು ಒತ್ತಿದ. ಗುರುತು ಬೀಳಲಿಲ್ಲ. "ಎಲ್ಲಿಟ್ಟಿದ್ದಿರಿ?"

"ಅಟ್ಟದ ಮೇಲೆ. ಸುತ್ತಿಟ್ಟಿದ್ದೆ."

"ಉಪ್ಪಿನಕಾಯಿ ಹಾಕಿದ್ದಿರಾ?" ಎಂದ ವ್ಯಾಪಾರಿ. ಆಮೇಲೆ ಚಾಲಕನ ಮುಖ ನೋಡಿ ದನಿ ತಗ್ಗಿಸಿದ. "ಅಣ್ಣ, ರಸ್ತೆ ಹಿಡಿಯೋದು ಗೀರು ಒಂದೇ ಅಲ್ಲ, ರಬ್ಬರಿನ ಮೆದುತನ. ಓಡಿಸಿದರೂ ಅದು ವರ್ಷ ವರ್ಷ ಒಣಗುತ್ತೆ, ಓಡಿಸದಿದ್ದರೂ ಒಣಗುತ್ತೆ. ನೀವು ಉಳಿಸಿದ್ದು ಗೀರನ್ನು ಮಾತ್ರ."

"ಹಾಗಾದರೆ ಅವತ್ತಿಂದ ದಿನವೂ ಇದನ್ನೇ ಓಡಿಸಬೇಕಿತ್ತು ಅಂತೀರಾ?"

"ಅದೂ ಅಲ್ಲ. ಒಂದು ವರ್ಷಕ್ಕೆ ಮುಗೀತಿತ್ತು. ಇಷ್ಟು ಬೆಲೆಯದ್ದನ್ನು ವರ್ಷ ವರ್ಷ ಕೊಳ್ಳೋಕೆ ನಿಮಗಾಗಲ್ಲ. ಮುಂದಿನ ಮಳೆಗೆ ಬೋಳು ಟೈರಿನ ಕಾರು ಮನೆ ಮುಂದೆ ನಿಂತಿರ್ತಿತ್ತು, ಜನ ಬಂದು ನೋಡ್ಕೊಂಡು ಹೋಗ್ತಿದ್ರು. ದಿನವೂ ಓಡಿಸೋಕೆ ಆಗೋದನ್ನ ತಗೊಳ್ಳಿ. ತಗೊಂಡ ಮೇಲೆ ಓಡಿಸಿ."

ಚಾಲಕ ಮೂರನೆಯ ಬಗೆಯ ಟೈರು ಕೊಂಡ. ಅಂದಿನಿಂದ ಮಳೆಯಲ್ಲಿ ಯಾರು ಕರೆದರೂ ಹೊರಟ. ಎರಡು ವರ್ಷಕ್ಕೊಮ್ಮೆ, ಗೀರು ಪೂರ್ತಿ ಹೋಗುವ ಮುಂಚೆಯೇ ಬದಲಿಸಿದ. ಬಿಚ್ಚಿದವನ್ನು ಗುಜರಿಗೆ ಹಾಕದೆ ಆಯುಧಪೂಜೆಯವರೆಗೆ ಇಟ್ಟುಕೊಳ್ಳುತ್ತಿದ್ದ. ಆ ದಿನ ಅವನ್ನು ತೊಳೆದು, ಸಾಲಾಗಿ ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ ಹೂವಿಡುತ್ತಿದ್ದ. ತಂಗಿಯೂ ಮಗಳನ್ನು ಕರೆದುಕೊಂಡು ಬರುತ್ತಿದ್ದಳು.

ಪಕ್ಕದ ಮನೆಯವನು ಒಮ್ಮೆ ನಕ್ಕ. "ಏನಯ್ಯಾ, ಊರೆಲ್ಲ ಹೊಸದಕ್ಕೆ ಪೂಜೆ ಮಾಡಿದರೆ ನೀನು ಗುಜರಿಗೆ ಮಾಡ್ತೀಯಾ?"

"ಇದರಿಂದ ಸವೆದದ್ದೆಲ್ಲ ಘಾಟಿ ರಸ್ತೆ ಮೇಲಿದೆ" ಎಂದ ಚಾಲಕ. "ಒಳಗೆ ಕೂತಿದ್ದವರೆಲ್ಲ ಅವರವರ ಮನೇಲಿದ್ದಾರೆ. ಕೈ ಮುಗಿಯದೆ ಹೇಗೆ ಎಸೀಲಿ?"

ಚೆನ್ನವೀರಯ್ಯನವರು ಕತೆಯನ್ನು ಇಲ್ಲಿಗೆ ಮುಗಿಸಿದರು. ವನಮಾಲಾ ಕೇಳಿದಳು.

"ಅಯ್ಯನವರೇ, ಉಗ್ರಾಣದ ಕೆಲಸಕ್ಕೆ ಹೋದರೆ ನಾನು ಇನ್ನೂ ಬಹಳ ವರ್ಷ ಗಟ್ಟಿಯಾಗಿರ್ತೀನಲ್ಲ?"

"ಎತ್ತಿಟ್ಟದ್ದೂ ಮುಗಿಯುತ್ತದೆ ತಾಯಿ; ಯಾರನ್ನು ತಲುಪಿಸಿ ಮುಗಿಯಬೇಕು ಎಂಬುದನ್ನು ಮಾತ್ರ ನಾವು ಆರಿಸಿಕೊಳ್ಳಬಹುದು."

ಇಬ್ಬರೂ ನಮಸ್ಕಾರ ಮಾಡಿ ಎದ್ದೆವು.

ವನಮಾಲಾ ವಾರ್ಡಿನಲ್ಲೇ ಉಳಿದಳು. ಒಂದರ ಮೇಲೊಂದು ಪಾಳಿ ಮಾಡುವುದನ್ನು ಬಿಟ್ಟಳು. ಅದರಿಂದ ತಿಂಗಳಿಗೆ ಸುಮಾರು ಎರಡು ಸಾವಿರ ರೂಪಾಯಿ ಕಡಿಮೆ ಬಂತು. ಇನ್ನೂ ಹನ್ನೆರಡು ವರ್ಷ ಕೆಲಸ ಮಾಡಿ ಅಲ್ಲಿಂದಲೇ ನಿವೃತ್ತಳಾದಳು. ಮರುವರ್ಷ ಬಲ ಮಂಡಿಯ ಶಸ್ತ್ರಚಿಕಿತ್ಸೆಗೆ, ಔಷಧಿಯೂ ಸೇರಿ, ಒಂದು ಲಕ್ಷ ಎಪ್ಪತ್ತೆರಡು ಸಾವಿರ ರೂಪಾಯಿ ಆಯಿತು. ಮನೆಯವರೆಲ್ಲ ಸೇರಿ ಸಂತೋಷದಿಂದ ಕೊಟ್ಟೆವು.