ಆಮೆಯಜ್ಜನ ಸುಸ್ತು

ಕಾಡಿನ ಆಸ್ಪತ್ರೆಯಲ್ಲಿ ಯಾರನ್ನು ಮೊದಲು ಒಳಗೆ ಬಿಡಬೇಕೆಂದು ಬಾಗಿಲಲ್ಲೇ ತೀರ್ಮಾನಿಸುವ ಕೆಲಸ ಕೋತಿಯದು. ಕಾಲಿಗೆ ಮುಳ್ಳು ಚುಚ್ಚಿದ ನರಿ ಭೂಮಿ ಆಕಾಶ ಒಂದು ಮಾಡಿ ಕಿರುಚಿದ್ದೇ ತಡ, ಅದಕ್ಕೆ ಮಂಚ ಸಿಕ್ಕಿತು.

ಆಮೆಯಜ್ಜ ಮಾತ್ರ ಮೆಲ್ಲಗೆ, "ಏನೋ ಸುಸ್ತು ಕಣಪ್ಪ, ಹೆಜ್ಜೆ ಏಳುತ್ತಿಲ್ಲ" ಎಂದ.

"ಆಮೆಯ ನಡಿಗೆ ನಿಧಾನವಾದರೆ ಅದೂ ಒಂದು ಕಾಯಿಲೆಯೇ ಅಜ್ಜ? ವಯಸ್ಸಾಯಿತು, ಅಷ್ಟೇ. ಆ ಮೂಲೆಯಲ್ಲಿ ಕೂತಿರಿ" ಎಂದು ಕೋತಿ ನಕ್ಕಿತು.

ಮೂಲೆಯಲ್ಲಿ ಆಗಲೇ ಬಂದು ಕಾಯುತ್ತಿದ್ದ ಬಸವನಹುಳು ತಲೆಯೆತ್ತಿತು. "ಸ್ವಾಮಿ, ನಾನು ಅಜ್ಜನ ಪಕ್ಕದ ಮನೆಯವನು. ಇಬ್ಬರೂ ಒಟ್ಟಿಗೇ ಹೊರಟೆವು. ನಾನೇ ಮೊದಲು ಬಂದು ಮುಟ್ಟಿದೆ."

ಕೋತಿ ಥಟ್ಟನೆ ಅಜ್ಜನನ್ನು ಹೊತ್ತು ಒಳಗೋಡಿ, ನರಿಯನ್ನು ಕೆಳಗಿಳಿಸಿ, ಅವನನ್ನು ಮಂಚದಲ್ಲಿ ಮಲಗಿಸಿ, ಚಿಪ್ಪಿಗೆ ಕಿವಿಯಿಟ್ಟಿತು. ನರಿ ಮತ್ತೆ ಕಿರುಚಿತು. ಕೋತಿಗೆ ಕೇಳಿಸಲೇ ಇಲ್ಲ.