ಪೊಟ್ಟಣದ ಬಗ್ಗೆ ನಾಲ್ಕು ಸಾವಿರ ಮಾತು

ಕಪಿಲಾ ನದಿಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ಗುಡ್ಡದಯ್ಯ ಸ್ವಾಮಿಗಳು ಅನ್ನುವ ಗುರುಗಳು, ಅವರ ಬಳಿ ಮರಿದೇವ ಅನ್ನುವ ಶಿಷ್ಯ.

ಮರಿದೇವನಿಗೆ ನಲವತ್ತು ದಾಟಿತ್ತು. ಮೇಷ್ಟರ ಕೆಲಸ ಬಿಟ್ಟು ಬಂದವನು. ಓದಿದವನು, ನಿಯತ್ತಿನವನು. ಆದರೆ ಲೋಟದ ತಳ ನೋಡದೆ ಒಂದು ದಿನವೂ ನೀರು ಕುಡಿದವನಲ್ಲ.

ಆಶ್ರಮದಲ್ಲಿ ಮುನ್ನೂರ ಹನ್ನೆರಡು ತಾಳೆಗರಿಗಳ ಒಂದು ಕಟ್ಟಿತ್ತು. ದನಕರುಗಳ ಔಷಧದ ಕಟ್ಟು. ಹುಳು ತಿಂದು ಅಂಚು ಉದುರುತ್ತಿತ್ತು. ಆ ಹಳೆಯ ಕೈಬರಹ ಓದಬಲ್ಲವರು ಉಳಿದಿದ್ದದ್ದು ಒಬ್ಬರೇ, ವಿಮಲಾಕ್ಷಮ್ಮ ಅನ್ನುವ ವಿದ್ವಾಂಸೆ. ಅವರು ದೆಹಲಿಯಲ್ಲಿ ಮಗಳ ಮನೆ ಸೇರಿದ್ದರು.

ಇನ್ನು ಹನ್ನೆರಡು ದಿನಕ್ಕೆ ಅವರಿಗೆ ಕಣ್ಣಿನ ಆಪರೇಷನ್. ಆಮೇಲೆ ಹೇಗೋ ಏನೋ, ಅಷ್ಟರೊಳಗೆ ಗರಿಗಳ ಫೋಟೋ ಕಳಿಸಿದರೆ ಓದಿಬಿಡುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದರು.

ಫೋಟೋ ತೆಗೆದಾಗಿತ್ತು, ಕಂಪ್ಯೂಟರಿಗೆ ತುಂಬಿಯೂ ಆಗಿತ್ತು. ಆದರೆ ಅಷ್ಟು ಭಾರದ ಫೈಲುಗಳನ್ನು ಎಳೆಯಲಾರದೆ ಆಶ್ರಮದ ಬಡಕಲು ಇಂಟರ್‌ನೆಟ್ಟು ಅರ್ಧದಾರಿಯಲ್ಲೇ ಕೈಚೆಲ್ಲುತ್ತಿತ್ತು.

‘ಪೊಟ್ಟಣ’ ಅಂತ ಒಂದು ಆ್ಯಪ್ ಇದೆ, ಪುಕ್ಕಟೆ, ಎಲ್ಲ ಫೈಲನ್ನೂ ಕುಗ್ಗಿಸಿ ಒಂದೇ ಗಂಟು ಮಾಡಿಕೊಡುತ್ತದೆ ಎಂದು ವಿಮಲಾಕ್ಷಮ್ಮನ ಮಗಳೇ ತಿಳಿಸಿದಳು. ಹಾಗೇ ಮಾಡಪ್ಪ, ಎಂದರು ಗುರುಗಳು.

ಮರಿದೇವ ಕಂಪ್ಯೂಟರಿನ ಮುಂದೆ ಕುಳಿತ. ಆ್ಯಪ್ ಸಿಕ್ಕಿತು. ‘ಇಳಿಸಿಕೊಳ್ಳಿ’ ಎಂಬ ಹಸಿರು ಗುಂಡಿಯೂ ಸಿಕ್ಕಿತು. ಗುಂಡಿಯ ಕೆಳಗೆ, ಬಳಸಿದವರ ಅಭಿಪ್ರಾಯಗಳು ನಾಲ್ಕು ಸಾವಿರ, ಎಂದು ಬರೆದಿತ್ತು.

ಒತ್ತುವ ಮೊದಲು ನಾಲ್ಕು ಜನರ ಮಾತು ಕೇಳೋಣ ಎಂದುಕೊಂಡ.

ಸಂಜೆ ಗುರುಗಳು, “ಹೋಯಿತೆ?” ಎಂದು ಕೇಳಿದರು.

“ಇಲ್ಲ ಬುದ್ಧಿ. ಮೊದಲನೆಯವರು ಚಿನ್ನದಂಥ ಆ್ಯಪ್ ಅಂತ ಐದು ನಕ್ಷತ್ರ ಕೊಟ್ಟಿದ್ದಾರೆ. ಎರಡನೆಯವರು, ಇದನ್ನು ಹಾಕಿದ ದಿನವೇ ಕಂಪ್ಯೂಟರ್ ಕೆಟ್ಟಿತು ಅಂತ ಒಂದೇ ಕೊಟ್ಟಿದ್ದಾರೆ.”

“ಮೂರನೆಯವರು?”

“ಎರಡನೆಯವರಿಗೆ ಬೈದಿದ್ದಾರೆ.”

ಗುರುಗಳು ಹೂಂ ಎಂದು ಸ್ನಾನಕ್ಕೆ ಇಳಿದರು.

ಮರುದಿನ ಮರಿದೇವ ಇನ್ನೂರು ಪುಟದ ನೋಟ್‌ಬುಕ್ ತಂದ. ಹೊಗಳಿಕೆಗೆ ನೀಲಿ ಶಾಯಿ, ದೂರಿಗೆ ಕೆಂಪು ಶಾಯಿ. ಹೊಗಳಿ ತೆಗಳಿದವರಿಗೆ ಪೆನ್ಸಿಲ್.

ಎಂಥೆಂಥವರು ಇದ್ದರು. ಇನ್ನೂ ಹಾಕಿಲ್ಲ, ಹಾಕುವ ಯೋಚನೆ ಇದೆ ಎಂದು ಐದು ನಕ್ಷತ್ರ ಕೊಟ್ಟವರೊಬ್ಬರು. ಪುಕ್ಕಟೆ ಕೊಡುವವನು ಸುಮ್ಮನೆ ಕೊಡುತ್ತಾನೆಯೇ, ಎಂದು ಕೇಳಿ ಉತ್ತರಕ್ಕೆ ನಿಲ್ಲದೆ ಹೋದವರೊಬ್ಬರು. ಎಲ್ಲ ಫೈಲು ಕುಗ್ಗಿಸಿದರೂ ಕಂಪ್ಯೂಟರಿನ ತೂಕ ಒಂದು ಗ್ರಾಮೂ ಇಳಿಯಲಿಲ್ಲ, ತಕ್ಕಡಿಯಲ್ಲಿಟ್ಟು ನೋಡಿದ್ದೇನೆ ಎಂದವರು ಇನ್ನೊಬ್ಬರು. ‘ಪರವಾಗಿಲ್ಲ’ ಎಂದು ಒಂದೇ ಮಾತು ಬರೆದವರ ಕೆಳಗೆ ಅರವತ್ತು ಜನ ಜಗಳ ಕಾಯ್ದಿದ್ದರು. ಮರಿದೇವ ಅದನ್ನೂ ಬಿಡದೆ ಓದಿದ, ಯಾರ ಪಕ್ಷ ನ್ಯಾಯವಾದದ್ದು ಎಂದು ಅಳೆದು ನೋಡಿದ.

ಅವನ ಅಳುಕು ಸುಳ್ಳೇನಲ್ಲ. ಕುಗ್ಗಿಸುವಾಗ ಒಂದು ಒತ್ತಕ್ಷರ ಹೋದರೂ ಔಷಧ ವಿಷವಾದೀತು. ಬಿಚ್ಚಿದಾಗ ಒಂದು ಚುಕ್ಕೆಯೂ ಕಳೆದಿರುವುದಿಲ್ಲ ಎಂದು ಒಬ್ಬರು ಆಣೆ ಮಾಡಿದ್ದರು. ನನ್ನ ಗಂಟು ಅರ್ಧವೇ ಬಿಚ್ಚಿತು ಎಂದು ಮತ್ತೊಬ್ಬರು ಗೋಳಾಡಿದ್ದರು. ಇಬ್ಬರೂ ಒಳ್ಳೆಯ ಮನೆತನದವರಂತೆ ಬರೆದಿದ್ದರು.

ಹಸಿರು ಗುಂಡಿಯ ಮೇಲೆ ದಿನಕ್ಕೆ ಹತ್ತು ಸಲ ಬೆರಳು ಹೋಗುತ್ತಿತ್ತು. ಹತ್ತು ಸಲವೂ ಹಿಂದಕ್ಕೆ ಬರುತ್ತಿತ್ತು. ಉಂಡ ಅನ್ನಕ್ಕೆ ಉಪ್ಪಿತ್ತೋ ಇಲ್ಲವೋ ಅವನಿಗೆ ತಿಳಿಯದಾಯಿತು.

ಐದನೆಯ ದಿನ ವಿಮಲಾಕ್ಷಮ್ಮ ಫೋನ್ ಮಾಡಿ, ಫೋಟೋ ಬರಲಿಲ್ಲವಲ್ಲ ಎಂದರು. ಶಿಷ್ಯ ಇನ್ನೂ ಓದುತ್ತಿದ್ದಾನೆ ಎಂದರು ಗುರುಗಳು. ತಾಳೆಗರಿ ಓದುವುದು ಕಲಿತನೇನೋ ಎಂದು ಆಕೆಗೆ ಸಂತೋಷವಾಯಿತು.

ಒಂಬತ್ತನೆಯ ದಿನ ಬೆಳಗ್ಗೆ ತಿಂಡಿಯಾದ ಮೇಲೆ ಗುರುಗಳು ಶಿಷ್ಯನನ್ನು ಕರೆದು, ನೋಟ್‌ಬುಕ್ ತೋರಿಸು ಎಂದರು. ಅವನು ಹಿಗ್ಗಿನಿಂದಲೇ ತಂದ. ನೂರ ಎಂಬತ್ತು ಪುಟ ತುಂಬಿತ್ತು.

“ಇದನ್ನು ಹತ್ತು ಪುಟಕ್ಕೆ ಇಳಿಸು.”

ಮರಿದೇವ ನದಿಯ ಮೆಟ್ಟಿಲ ಮೇಲೆ ಕುಳಿತು ಇಳಿಸಿದ. ಕಷ್ಟವಾಗಲಿಲ್ಲ. ಜನ ಹೇಳಿದ್ದನ್ನೇ ಹೇಳಿದ್ದರು.

“ಒಂದು ಪುಟಕ್ಕೆ.”

ಇಳಿಸಿದ. ಈ ಸಲ ಬೆವರು ಬಂತು.

ಗುರುಗಳು ಮುಂದಿದ್ದ ತಟ್ಟೆಯಿಂದ ಒಂದು ವೀಳ್ಯದೆಲೆ ಆರಿಸಿ, ಪಂಚೆಯ ಅಂಚಿನಲ್ಲಿ ಒರೆಸಿ, ಅವನ ಕೈಗಿಟ್ಟರು. “ಇನ್ನು ಇದರ ಮೇಲೆ.”

ಮರಿದೇವ ಜಾಲಿಯ ಮುಳ್ಳೊಂದನ್ನು ಮುರಿದುಕೊಂಡು ಕುಳಿತ. ಎಷ್ಟೋ ಹೊತ್ತು ಎಲೆಯನ್ನು ನೋಡಿದ, ಪುಟವನ್ನು ನೋಡಿದ, ನೀರನ್ನು ನೋಡಿದ. ಕೊನೆಗೆ ಗೀಚಿ ತಂದುಕೊಟ್ಟ.

ಗುರುಗಳು ಎಲೆಯನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದರು. “ಕೆಲವರಿಗೆ ಆಯಿತು. ಕೆಲವರಿಗೆ ಆಗಲಿಲ್ಲ.”

“ಅಷ್ಟೇ ಬುದ್ಧಿ. ಏನೂ ಬಿಟ್ಟಿಲ್ಲ.”

ಗುರುಗಳು ಎಲೆಗೆ ಸುಣ್ಣ ಸವರಿದರು, ಎರಡು ಅಡಿಕೆ ಹೋಳು ಇಟ್ಟರು, ಮಡಿಸಿ ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಜಗಿದರು. ಒಂಬತ್ತು ದಿನದ ದುಡಿಮೆ ತನ್ನ ಕಣ್ಣೆದುರೇ ಕೆಂಪಾಗುವುದನ್ನು ಮರಿದೇವ ನೋಡುತ್ತ ನಿಂತ.

“ಈಗ?” ಎಂದು ಗುರುಗಳು ಬಾಯಿ ಮೇಲೆತ್ತಿಕೊಂಡೇ ಕೇಳಿದರು.

“ಈಗ ಗುಂಡಿ ಒತ್ತಬೇಕು, ಬುದ್ಧಿ.”

ಹೋಗಿ ಒತ್ತಿದ. ಆ್ಯಪ್ ಇಳಿಯಲು ಎರಡು ನಿಮಿಷ. ಫೈಲುಗಳು ಕುಗ್ಗಿ ಗಂಟಾಗಲು ಹನ್ನೊಂದು ನಿಮಿಷ. ಒಮ್ಮೆ ತಾನೇ ಬಿಚ್ಚಿ, ಮುನ್ನೂರ ಹನ್ನೆರಡೂ ಇವೆಯೇ ಎಂದು ಎಣಿಸಿದ. ಒಂದೊಂದರ ಅಕ್ಷರವನ್ನೂ ದೊಡ್ಡದು ಮಾಡಿ ನೋಡಿದ. ಎಲ್ಲವೂ ಇದ್ದವು. ರಾತ್ರಿ ಮಲಗುವ ಮೊದಲೇ ಗಂಟು ದೆಹಲಿ ಮುಟ್ಟಿತು.

ವಿಮಲಾಕ್ಷಮ್ಮ ಉಳಿದ ಮೂರು ದಿನ ಊಟ ತಿಂಡಿಯನ್ನೂ ಗಮನಿಸದೆ ಓದಿದರಂತೆ. ನೂರ ನಲವತ್ತು ಗರಿ ಮುಗಿಯಿತು. ಮಿಕ್ಕದ್ದಕ್ಕೆ ಕಣ್ಣಿನ ಕಟ್ಟು ಬಿಚ್ಚುವ ತನಕ ಕಾಯಬೇಕು. ಒಂಬತ್ತು ದಿನ ಮೊದಲೇ ಬಂದಿದ್ದರೆ, ಎಂದಷ್ಟೇ ಹೇಳಿ ಆಕೆ ಮಾತು ನಿಲ್ಲಿಸಿದರು. ಮರಿದೇವನ ಮುಖ ಸಣ್ಣದಾಯಿತು.

ಆಸ್ಪತ್ರೆಗೆ ಹೊರಡುವ ಮುಂಚೆ ಆಕೆ ಒಂದು ಗರಿಯಲ್ಲಿದ್ದದ್ದನ್ನು ಫೋನಿನಲ್ಲೇ ಓದಿ ಹೇಳಿದರು. ಮೇವು ಬಿಟ್ಟ ಎತ್ತಿಗೆ ಕೊಡುವ ಕಷಾಯ. ಅದರ ಕೆಳಗೆ ಬೇರೊಬ್ಬರ ಕೈಬರಹದಲ್ಲಿ, ನಮ್ಮ ಎತ್ತಿಗೆ ಹಿಡಿಸಲಿಲ್ಲ, ಎಂದಿತ್ತು. ಅದರ ಕೆಳಗೆ ಮೂರನೆಯವರ ಕೈಬರಹದಲ್ಲಿ, ನಮ್ಮದಕ್ಕೆ ಹಿಡಿಸಿತು, ನಿಮ್ಮ ಎತ್ತೇ ಸರಿಯಿಲ್ಲ, ಎಂದಿತ್ತು.

ಗುರುಗಳು ಹೊದ್ದ ಶಾಲು ಜಾರುವಷ್ಟು ನಕ್ಕರು. ಮರಿದೇವ ನಗಲಿಲ್ಲ. ತಾನೂ ನಾಲ್ಕು ಮಾತು ಬರೆದಿಡಬಹುದು ಎಂದು ಅವನಿಗೆ ಅದರಿಂದ ಧೈರ್ಯ ಬಂದಿತ್ತು.

ಮಾರನೆಯ ಬೆಳಗ್ಗೆ ಕಂಪ್ಯೂಟರ್ ತೆರೆದಾಗ ಪೊಟ್ಟಣ ಕೇಳಿತು, ನಿಮ್ಮ ಅಭಿಪ್ರಾಯ ತಿಳಿಸಿ ಎಂದು. ಮರಿದೇವ ತೋಳು ಮಡಿಸಿ ಕುಳಿತ. ಸ್ನಾನದ ಹೊತ್ತಾಯಿತು, ಪೂಜೆಯ ಹೊತ್ತಾಯಿತು, ಏಳಲಿಲ್ಲ. ಗುರುಗಳೇ ಎದ್ದು ಬಂದು ಬಾಗಿಲಲ್ಲಿ ನಿಂತರು.

“ಏನು ಬರೆಯುತ್ತಿದ್ದೀಯ?”

“ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ, ಬುದ್ಧಿ. ಸುಮ್ಮನೆ ಓದುತ್ತ ಕೂರಬೇಡಿ, ಒತ್ತಿ ನೋಡಿ ಅಂತ. ಮೂರು ಪುಟ ಆಗಿದೆ. ನನ್ನಂಥವನು ಯಾರಾದರೂ ಬಂದರೆ ಅವನ ಒಂಬತ್ತು ದಿನ ಉಳಿಯುತ್ತದೆ.”

“ನಿನ್ನಂಥವನು ಬಂದರೆ ಇದನ್ನು ಓದುತ್ತಾನೆಯೇ?”

“ಖಂಡಿತ ಓದುತ್ತಾನೆ. ಒಂದಕ್ಷರ ಬಿಡುವುದಿಲ್ಲ.”

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

“ಹಾಗಿದ್ದರೆ ಬರೆಯಬೇಡ ಮಗು. ಪಾಪ, ಅವನಿಗೆ ಓದುವುದು ಇನ್ನೊಂದು ಹೆಚ್ಚಾಗುತ್ತದೆ.”